ಬಚ್ಚಲಿನ ಬಾಯಿ ಕಟ್ಟಿದಾಗ



ಬಚ್ಚಲಿನಲ್ಲಿ ನೀರು ನಿಂತರೆ ಮನೆಯ ಅರ್ಧ ಕೆಲಸ ನಿಂತಂತೆ. ಮಿಂದ ನೀರು ಕಾಲಡಿಯಲ್ಲೇ ಉಳಿಯುತ್ತದೆ, ಅಡುಗೆಮನೆಯ ಸಿಂಕ್ ತುಂಬಿಕೊಳ್ಳುತ್ತದೆ, ಮನೆಯೆಲ್ಲ ನಾತ ಬೀರುತ್ತದೆ. ಆಗ ಯಾರೋ ಒಂದು ಕಡ್ಡಿ ಹಾಕಿ ತಿವಿಯುತ್ತಾರೆ. ಮತ್ತೊಬ್ಬರು ಅಂಗಡಿಯಿಂದ ಆಸಿಡ್ ತಂದು ಸುರಿಯುತ್ತಾರೆ. ನೀರು ಏಕೆ ನಿಂತಿತು ಎಂದು ಕೇಳುವವರು ಕಡಿಮೆ. ಕಾರಣ ತಿಳಿದರೆ ಮುಕ್ಕಾಲು ಪಾಲು ತೊಂದರೆಯನ್ನು ಮೊದಲೇ ತಡೆಯಬಹುದು.

ನಾಲೆ ಕಲಿಸುವ ಪಾಠ

ಪಾಂಡವಪುರದ ಕಡೆಯವರು ವಿಶ್ವೇಶ್ವರಯ್ಯ ನಾಲೆಯನ್ನು, ಕೃಷ್ಣರಾಜಪೇಟೆಯವರು ಮಂದಗೆರೆಯ ನಾಲೆಗಳನ್ನು, ಶ್ರೀರಂಗಪಟ್ಟಣದವರು ಬಂಗಾರದೊಡ್ಡಿ ನಾಲೆಯನ್ನು ಬಲ್ಲರು. ನಾಲೆಯಲ್ಲಿ ನೀರಿನ ವೇಗ ಎಲ್ಲಿ ತಗ್ಗುತ್ತದೋ ಅಲ್ಲಿ ಹೂಳು ಕೂರುತ್ತದೆ. ನಿಮ್ಮ ಬಚ್ಚಲಿನ ಕೊಳವೆಯೂ ಒಂದು ಪುಟ್ಟ ನಾಲೆಯೇ. 4 ಅಂಗುಲದ ಕೊಳವೆಗೆ ಸಾಮಾನ್ಯವಾಗಿ 40 ಅಡಿಗೆ 1 ಅಡಿ, ಅಂದರೆ 10 ಅಡಿಗೆ 3 ಅಂಗುಲದಷ್ಟು ಇಳಿಜಾರು ಕೊಡುತ್ತಾರೆ. ಇಳಿಜಾರು ತೀರಾ ಕಡಿಮೆಯಾದರೆ ನೀರು ಮುಂದೆ ಹೋಗಿ ಗಸಿ ಹಿಂದೆ ಉಳಿಯುತ್ತದೆ.

ಸಿಂಕಿನ ಕೆಳಗೆ ಕೊಳವೆ ಬಾಗಿರುವುದನ್ನು ನೀವು ನೋಡಿರಬಹುದು. ಗಾರೆ ಕೆಲಸದವರು ಇದನ್ನು ಟ್ರ್ಯಾಪ್ ಎನ್ನುತ್ತಾರೆ. ಈ ಬಾಗಿನಲ್ಲಿ ಸದಾ ಸ್ವಲ್ಪ ನೀರು ನಿಂತಿದ್ದು, ಮೋರಿಯ ದುರ್ವಾಸನೆಯ ಅನಿಲ ಮನೆಯೊಳಗೆ ಬಾರದಂತೆ ಮುಚ್ಚಳದ ಹಾಗೆ ಕೆಲಸ ಮಾಡುತ್ತದೆ. ಲಂಡನ್ನಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮಿಂಗ್ 1775ರಲ್ಲಿ ಹಕ್ಕುಪತ್ರ ಪಡೆದ ಶೌಚಾಲಯದಲ್ಲಿ ಇಂಥ ಬಾಗು ಕೊಳವೆಯಿತ್ತು. ಉಪಕಾರದ ಜೊತೆಗೆ ಒಂದು ತೊಡಕೂ ಇದೆ: ಭಾರವಾದ ವಸ್ತುಗಳು ಮೊದಲು ತಂಗುವುದು ಈ ಬಾಗಿನಲ್ಲೇ.

ಕಟ್ಟುವುದು ಯಾವುದು?

ಅಡುಗೆಮನೆಯಲ್ಲಿ ಅನ್ನದ ಅಗುಳು, ಮುದ್ದೆ ಮಾಡಿದ ಪಾತ್ರೆಯ ಅಂಟು, ಚಹಾ ಚರಟ, ತೆಂಗಿನ ನಾರು, ಎಣ್ಣೆ. ರಾಗಿ ಮತ್ತು ಅಕ್ಕಿಯ ಪಿಷ್ಟ ನೀರಿನಲ್ಲಿ ಉಬ್ಬಿ ಅಂಟಾಗುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಆದ್ದರಿಂದಲೇ ಚಳಿಗಾಲದ ಬೆಳಗಿನಲ್ಲಿ ಸಿಂಕ್ ಹೆಚ್ಚಾಗಿ ಮುಷ್ಕರ ಹೂಡುತ್ತದೆ. ಬೂದಿ, ಮರಳು ಹಾಕಿ ಪಾತ್ರೆ ತಿಕ್ಕಿದರೆ ಅವು ಕರಗದೆ ಟ್ರ್ಯಾಪಿನ ತಳ ಸೇರುತ್ತವೆ.

ಸ್ನಾನದ ಮನೆಯಲ್ಲಿ ಕೂದಲು ಬಲೆಯಂತೆ ಹೆಣೆದುಕೊಂಡು ಸೀಗೆಪುಡಿ, ಕಡಲೆಹಿಟ್ಟು, ಸಾಬೂನಿನ ಗಸಿಯನ್ನು ಹಿಡಿದಿಡುತ್ತದೆ. ಕೆರೆ ಮತ್ತು ಕೊಳವೆ ಬಾವಿಗಳನ್ನೇ ಹೆಚ್ಚಾಗಿ ನೆಚ್ಚಿರುವ ನಾಗಮಂಗಲದಂಥ ಕಡೆ ನೀರು ಗಡಸಾಗಿದ್ದರೆ ಇನ್ನೊಂದು ಕಾರಣವೂ ಸೇರುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳು ಸಾಬೂನಿನೊಡನೆ ಕೂಡಿ, ನೀರಿನಲ್ಲಿ ಕರಗದ ಬಿಳಿ ಗಸಿಯನ್ನು ಉಂಟುಮಾಡುತ್ತವೆ.

ಬಾಯಲ್ಲೇ ತಡೆಯಿರಿ

ಬಚ್ಚಲಿನ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿ, ಪ್ರತಿದಿನ ಅದರ ಮೇಲಿನ ಕೂದಲು ತೆಗೆಯಿರಿ. ತಟ್ಟೆಯ ಎಂಜಲನ್ನು ಮೊದಲು ಬುಟ್ಟಿಗೆ ಹಾಕಿ, ಆಮೇಲೆ ತೊಳೆಯಿರಿ. ಎಣ್ಣೆ ಬಾಣಲೆಯನ್ನು ಹಳೆಯ ಕಾಗದದಿಂದ ಒರೆಸಿ. ಮುದ್ದೆ ಪಾತ್ರೆ ನೆನೆಸಿದ ನೀರನ್ನು ಹಸುವಿನ ಬಾನಿಗೋ ತೆಂಗಿನ ಬುಡಕ್ಕೋ ಹಾಕಿದರೆ ಕೊಳವೆಯೂ ಉಳಿಯುತ್ತದೆ, ನೀರೂ ದಂಡವಾಗುವುದಿಲ್ಲ.

ಕಟ್ಟಿದ ಮೇಲೆ

ಮೊದಲು ಕೈಗವಸು ಹಾಕಿ ಜಾಲರಿ ಎತ್ತಿ, ತುದಿ ಬಗ್ಗಿಸಿದ ತಂತಿಯಿಂದ ಕೂದಲನ್ನು ಹೊರಗೆಳೆಯಿರಿ. ಒಳಕ್ಕೆ ತಳ್ಳಬೇಡಿ. ಜಿಡ್ಡು ಕಟ್ಟಿದ್ದರೆ ಬಿಸಿನೀರು ಹಾಕಿ. ಕುದಿಯುವ ನೀರು ಬೇಡ, ಅದು ಪಿವಿಸಿ ಕೊಳವೆಯನ್ನು ಮೆತ್ತಗೆ ಮಾಡುತ್ತದೆ.

ಮುಂದಿನ ಉಪಾಯ ಹಿಡಿಕೆಗೆ ರಬ್ಬರ್ ಬಟ್ಟಲು ಜೋಡಿಸಿದ ಪಂಪು. ಬಟ್ಟಲು ಮುಳುಗುವಷ್ಟು ನೀರು ನಿಂತಿರಲಿ. ನೀರನ್ನು ಅದುಮಿ ಕುಗ್ಗಿಸಲಾಗದು. ಆದ್ದರಿಂದ ನೀವು ಒತ್ತಿದ ಒತ್ತಡ ನೇರವಾಗಿ ಅಡಚಣೆಯವರೆಗೆ ತಲುಪುತ್ತದೆ. ಪಾಸ್ಕಲನ ನಿಯಮ ಇಲ್ಲಿ ನಿಮ್ಮ ಕೈಯಲ್ಲೇ ಕೆಲಸ ಮಾಡುತ್ತದೆ. ಸಿಂಕಿನ ಮೇಲ್ಭಾಗದ ತೂತಿಗೆ ಒದ್ದೆ ಬಟ್ಟೆ ತುರುಕುವುದನ್ನು ಮರೆಯಬೇಡಿ. ಆಗಲೂ ಬಿಡದಿದ್ದರೆ ಕೆಳಗೆ ಬಕೆಟ್ ಇಟ್ಟು, ಟ್ರ್ಯಾಪನ್ನು ತಿರುಗಿಸಿ ಬಿಚ್ಚಿ ತೊಳೆಯಿರಿ. ಮನೆಯ ಹೊರಗಿನ ಕೊಳವೆ ಕಟ್ಟಿದ್ದರೆ ಚೇಂಬರ್ ಕಡೆಯಿಂದ ಉದ್ದನೆಯ ಬಿದಿರ ದಬ್ಬೆ ಆಡಿಸಬಹುದು.

ಅಡುಗೆ ಸೋಡಕ್ಕೆ ವಿನೆಗರ್ ಹಾಕಿದರೆ ಬುರುಗು ಬರುತ್ತದೆ. ಅದು ಇಂಗಾಲದ ಡೈ ಆಕ್ಸೈಡ್. ನೋಡಲು ಚೆಂದ, ಆದರೆ ಆಮ್ಲ ಮತ್ತು ಪ್ರತ್ಯಾಮ್ಲ ಒಂದನ್ನೊಂದು ತಟಸ್ಥಗೊಳಿಸುವುದರಿಂದ ಗಟ್ಟಿ ಅಡಚಣೆ ಅದಕ್ಕೆ ಜಗ್ಗದು.

ಎಚ್ಚರಿಕೆ

ಶೌಚಾಲಯ ತೊಳೆಯುವ ಆಸಿಡ್ ಮತ್ತು ಬ್ಲೀಚಿಂಗ್ ಪುಡಿಯನ್ನು ಎಂದೂ ಬೆರೆಸಬೇಡಿ. ವಿಷಕಾರಿ ಕ್ಲೋರಿನ್ ಅನಿಲ ಹೊರಟು ಶ್ವಾಸಕೋಶವನ್ನು ಸುಡುತ್ತದೆ. ಕಾಸ್ಟಿಕ್ ಸೋಡ ಜಿಡ್ಡನ್ನು ಸಾಬೂನಾಗಿ ಬದಲಿಸಿ ಕರಗಿಸುವುದು ನಿಜ. ಆದರೆ ಸಿಡಿದ ಒಂದು ಹನಿ ಕಣ್ಣನ್ನೇ ಕೆಡಿಸಬಹುದು. ಅದನ್ನು ನೀವು ಮುಟ್ಟದಿರುವುದೇ ಲೇಸು.

ಎಲ್ಲಕ್ಕಿಂತ ಮುಖ್ಯ ಮಾತು: ಶೌಚಗುಂಡಿ ಕಟ್ಟಿದರೆ ಅದರೊಳಗೆ ಯಾರೂ ಇಳಿಯಬಾರದು, ಯಾರನ್ನೂ ಇಳಿಸಬಾರದು. ಅಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಅದು ಹೆಚ್ಚಾದಾಗ ಮೂಗಿನ ವಾಸನೆಯ ಶಕ್ತಿಯೇ ಉಡುಗುವುದರಿಂದ ಅಪಾಯ ತಿಳಿಯುವುದಿಲ್ಲ. ಬಿದ್ದವನನ್ನು ಎತ್ತಲು ಹೋದವನೂ ಬೀಳುತ್ತಾನೆ. ಗುಂಡಿ ಬರಿದು ಮಾಡಲು ಪುರಸಭೆಗೆ ಹೇಳಿ ಯಂತ್ರವನ್ನೇ ತರಿಸಬೇಕು.

ನಮ್ಮ ರಾಜ್ಯದಲ್ಲಿ ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲಿ, ದೇವರಾಜ ಅರಸು ಅವರ ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ನಿಷೇಧಿಸಿದರು. 2013ರ ಕೇಂದ್ರ ಕಾಯಿದೆ, ರಕ್ಷಣೆಯಿಲ್ಲದೆ ಒಳಚರಂಡಿ ಮತ್ತು ಶೌಚಗುಂಡಿಗೆ ಜನರನ್ನು ಇಳಿಸುವುದನ್ನು ಅಪರಾಧವೆಂದು ಸಾರಿತು. ಹಾಗಿದ್ದೂ ಸಾವುಗಳು ನಿಲ್ಲಲಿಲ್ಲ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 2014ರಲ್ಲಿ 10 ಲಕ್ಷ ರೂಪಾಯಿ ಪರಿಹಾರ ವಿಧಿಸಿದ್ದ ಸುಪ್ರೀಂ ಕೋರ್ಟ್, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ನಾವು ಬಚ್ಚಲಿಗೆ ಎಸೆದ ಬಟ್ಟೆ ಚೂರು, ಪ್ಲಾಸ್ಟಿಕ್ ಚೀಲಗಳನ್ನು ಕೊನೆಗೆ ಯಾರೋ ಒಬ್ಬರು ತೆಗೆಯಲೇಬೇಕು.

ನೀರಿಗೂ ಇದೇ ಮಾತು. ನಾಗಮಂಗಲ ತಾಲ್ಲೂಕಿನಲ್ಲಿ ಹುಟ್ಟುವ ಲೋಕಪಾವನಿ ಪಾಂಡವಪುರದ ಕಡೆಯಿಂದ ಹರಿದು ಕರಿಘಟ್ಟದ ಬಳಿ ಕಾವೇರಿಯನ್ನು ಸೇರುತ್ತದೆ. ಕೃಷ್ಣರಾಜಪೇಟೆಯ ಹೇಮಾವತಿ ಕನ್ನಂಬಾಡಿಯ ಹಿನ್ನೀರನ್ನು ಸೇರುತ್ತದೆ. ಮೋರಿಗೆ ಸುರಿದ ಎಣ್ಣೆ, ಆಸಿಡ್ ಹಳ್ಳ ಸೇರಿದರೆ ಶ್ರೀರಂಗಪಟ್ಟಣದ ಸ್ನಾನಘಟ್ಟ ದೂರವಿಲ್ಲ.

ಮಾಡಿ ನೋಡಿ

ಒಂದು ಸೀಸೆಯಲ್ಲಿ ಮಳೆನೀರು, ಇನ್ನೊಂದರಲ್ಲಿ ನಿಮ್ಮ ಊರಿನ ಕೊಳವೆ ಬಾವಿಯ ನೀರು ಸಮನಾಗಿ ತೆಗೆದುಕೊಳ್ಳಿ. ಎರಡಕ್ಕೂ ಒಂದೇ ಅಳತೆಯ ಸಾಬೂನಿನ ತುರಿ ಹಾಕಿ ಕುಲುಕಿ. ಬಟ್ಟೆಯ ಡಿಟರ್ಜೆಂಟ್ ಪುಡಿ ಬೇಡ. ಯಾವುದರಲ್ಲಿ ನೊರೆ ಹೆಚ್ಚು, ಯಾವುದರಲ್ಲಿ ಬಿಳಿ ಗಸಿ ಹೆಚ್ಚು ಎಂದು ಬರೆದಿಡಿ. ನಿಮ್ಮ ಬಚ್ಚಲು ಏಕೆ ಕಟ್ಟುತ್ತದೆ ಎಂಬುದಕ್ಕೆ ಒಂದು ಉತ್ತರ ಆ ಸೀಸೆಯಲ್ಲೇ ಸಿಗಬಹುದು.