ಪುಕ್ಕಟೆ ಊಟದ ಕಷ್ಟ ಉಂಡವರಿಗೇ ಗೊತ್ತು

ಹೋಟೆಲಿಗೆ ಹೋಗುವುದು, ಹೊಟ್ಟೆ ತುಂಬ ತಿನ್ನುವುದು, ಬಿಲ್ಲಿನ ಹಣವನ್ನು ಬೇರೆಯವರಿಂದ ವಸೂಲು ಮಾಡಿ ಮೇಲೊಂದಿಷ್ಟು ದಕ್ಷಿಣೆಯನ್ನೂ ಪಡೆಯುವುದು. ಇಂಥದ್ದೊಂದು ಕೆಲಸವಿದೆ ಎಂದರೆ ಯಾವ ಹಾಸ್ಟೆಲ್ ಹುಡುಗನ ಬಾಯಲ್ಲಿ ನೀರೂರುವುದಿಲ್ಲ? ಕೆಲಸ ಇರುವುದು ನಿಜ. ಇಂಗ್ಲಿಷಿನಲ್ಲಿ ಮಿಸ್ಟರಿ ಶಾಪಿಂಗ್ ಎನ್ನುತ್ತಾರೆ. ಗುಪ್ತ ಗ್ರಾಹಕನ ಕೆಲಸ ಎಂದು ನಾವು ಕರೆಯಬಹುದು. ಆದರೆ ಇದರಲ್ಲಿ ಉಂಡ ತೃಪ್ತಿಗಿಂತ ಪರೀಕ್ಷೆ ಬರೆದ ಸುಸ್ತೇ ಹೆಚ್ಚು.

ನಮ್ಮ ಉಡುಪಿ ಹೋಟೆಲುಗಳಲ್ಲಿ ಗಲ್ಲಾದ ಮೇಲೆ ಯಜಮಾನರೇ ಕೂತಿರುತ್ತಾರೆ. ಸಾಂಬಾರು ತಣ್ಣಗಿದ್ದರೆ, ಮೇಜು ಒರೆಸದಿದ್ದರೆ ಅವರ ಕಣ್ಣಿಗೆ ಬೀಳುತ್ತದೆ. ಬೀಳದಿದ್ದರೆ ಗಿರಾಕಿಯೇ ಎದ್ದುಹೋಗಿ ಹೇಳುತ್ತಾನೆ. ಒಂದೇ ಹೆಸರಿನಲ್ಲಿ ನೂರಾರು ಶಾಖೆಗಳನ್ನು ನಡೆಸುವ ಕಂಪನಿಗಳಲ್ಲಿ ಯಜಮಾನ ಎಲ್ಲೋ, ಅಡಿಗೆಮನೆ ಎಲ್ಲೋ. ಆದ್ದರಿಂದ ಬಾಡಿಗೆ ಕಣ್ಣು ಬೇಕು. ಹಿಂದೆ ರಾಜರು ಮಾರುವೇಷದಲ್ಲಿ ಊರು ಸುತ್ತುತ್ತಿದ್ದರಂತೆ. ಈಗ ಮಧ್ಯದ ಏಜೆನ್ಸಿಯೊಂದು ಆ ಕೆಲಸಕ್ಕೆ ಕಾಲೇಜು ಹುಡುಗರನ್ನೂ ಗೃಹಿಣಿಯರನ್ನೂ ಕಳುಹಿಸುತ್ತದೆ.

ಒಂದು ಸಂಜೆಯ ಕೆಲಸ ನೋಡಿ. ಏಳರಿಂದ ಎಂಟರೊಳಗೆ ಇಂಥ ಶಾಖೆಗೆ ಹೋಗಬೇಕೆಂದು ಸೂಚನೆ ಬಂದಿರುತ್ತದೆ. ಬಾಗಿಲು ದಾಟಿದ್ದೇ ತಡ, ಲೆಕ್ಕ ಶುರು: ಯಾರಾದರೂ ಮಾತಾಡಿಸಿದ್ದು ಎಷ್ಟು ಹೊತ್ತಿಗೆ, ಆರ್ಡರ್ ತೆಗೆದುಕೊಂಡದ್ದು ಯಾವಾಗ, ತಟ್ಟೆ ಬಂದದ್ದು ಯಾವಾಗ? ಸಪ್ಲೈಯರ್ ಹುಡುಗನ ಎದೆಯ ಮೇಲಿನ ಹೆಸರನ್ನು ದಿಟ್ಟಿಸದೆ ಓದಬೇಕು. ‘ಜೊತೆಗೆ ಐಸ್‌ಕ್ರೀಮ್ ಬೇಡವೇ ಸಾರ್?’ ಎಂದು ಅವನು ಕೇಳಿದನೋ ಇಲ್ಲವೋ ನೆನಪಿಡಬೇಕು. ಎಷ್ಟೋ ಸಲ ಇಷ್ಟವಾದದ್ದನ್ನು ತರಿಸುವ ಸ್ವಾತಂತ್ರ್ಯವೂ ಇಲ್ಲ, ಕಂಪನಿ ಹೇಳಿದ ತಿಂಡಿಯೇ ಆಗಬೇಕು. ಅದು ಬಿಸಿಬಿಸಿಯಾಗಿ ಬಂದರೂ ಬಾಯಿಗಿಡುವ ಮೊದಲು ಯಾರಿಗೂ ಅನುಮಾನ ಬಾರದಂತೆ ಫೋಟೊ ತೆಗೆಯಬೇಕು. ಮೇಜಿನ ಮೇಲೆ ಪುಸ್ತಕ ಬಿಚ್ಚಿ ಬರೆಯುವಂತಿಲ್ಲವಾದ್ದರಿಂದ ಟಾಯ್ಲೆಟ್ಟಿಗೆ ಹೋಗಿ ಮೊಬೈಲಿನಲ್ಲಿ ಗುರುತು ಹಾಕಿಕೊಳ್ಳುವುದು ರೂಢಿ. ಹೇಗೂ ಅಲ್ಲಿ ಸೋಪಿದೆಯೇ, ನೆಲ ಒಣಗಿದೆಯೇ ಎಂದು ನೋಡುವುದೂ ಕೆಲಸದ ಭಾಗವೇ! ಜೊತೆಗೆ ಬಂದ ಗೆಳೆಯ ಆಡಿದ ಮಾತು ಮಾತ್ರ ಒಂದೂ ತಲೆಗೆ ಹೋಗಿರುವುದಿಲ್ಲ.

ಮನೆಗೆ ಬಂದ ಮೇಲೆ ಹತ್ತಾರು ಪ್ರಶ್ನೆಗಳ ವರದಿ. ‘ಇಲ್ಲ’ ಎಂದು ಗುರುತಿಸಿದ ಕಡೆಯೆಲ್ಲ ಯಾಕೆಂದು ವಿವರಣೆ ಕೊಡಬೇಕು. ಬಿಲ್ಲು ಕಳೆದರೆ, ಗಡುವು ಮೀರಿದರೆ ವರದಿ ತಿರಸ್ಕಾರವಾಗಬಹುದು. ಆಗ ಉಂಡ ಊಟ ಸ್ವಂತ ಖರ್ಚಿನದು. ಎಲ್ಲ ಸರಿಹೋದರೂ ಲೆಕ್ಕ ಬಿಗಿ. ಊಟದ ಮಿತಿ 600 ರೂಪಾಯಿ ಎಂದಿಟ್ಟುಕೊಳ್ಳಿ. 580 ರೂಪಾಯಿಯ ಬಿಲ್ಲಿಗೆ ಶೇಕಡಾ 5ರ ಜಿಎಸ್‌ಟಿ ಸೇರಿದರೆ 609. ಮೇಲಿನ ಒಂಬತ್ತು ರೂಪಾಯಿ, ಹೋಗಿಬರುವ ಆಟೋ ಚಾರ್ಜು ಎರಡೂ ಕೈಯಿಂದ. ಮೊದಲು ಕೊಟ್ಟ ಹಣ ವಾಪಸು ಬರಲು ಕೆಲವು ವಾರ ಕಾಯಬೇಕು. ಇದು ನೌಕರಿಯಲ್ಲ, ಬಿಡಿಗೆಲಸ. ಪಿಎಫ್, ರಜೆ ಎಂಬ ಮಾತೇ ಇಲ್ಲ.

ಹಣಕ್ಕಿಂತ ಕಷ್ಟದ್ದು ಇನ್ನೊಂದಿದೆ. ಭಾನುವಾರ ಸಂಜೆ, ಆರು ಮೇಜಿಗೆ ಒಬ್ಬನೇ ಹುಡುಗ. ನೀರು ತಡವಾಗಿ ತಂದ, ನಗಲಿಲ್ಲ. ‘ನಗುಮೊಗದಿಂದ ಸ್ವಾಗತಿಸಿದರೇ?’ ಎಂಬ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ‘ಇಲ್ಲ’ ಎಂದೇ. ಪಕ್ಕದಲ್ಲಿ ಅವನ ಹೆಸರು, ಹೊತ್ತು ಎರಡೂ ದಾಖಲಾಗುತ್ತವೆ. ಆರು ಮೇಜಿಗೆ ಒಬ್ಬನನ್ನೇ ಬಿಟ್ಟವರು ಯಾರು ಎಂಬ ಪ್ರಶ್ನೆ ಮಾತ್ರ ಅಂಥ ನಮೂನೆಗಳಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಬರೆದರೆ ಅವನ ಅನ್ನಕ್ಕೆ ಕಲ್ಲು, ಬರೆಯದಿದ್ದರೆ ತನ್ನ ವರದಿ ಸುಳ್ಳು. ಇಪ್ಪತ್ತರ ಹುಡುಗಿಯೊಬ್ಬಳು ತನ್ನದೇ ವಯಸ್ಸಿನ ಸಪ್ಲೈಯರ್ ಬಗ್ಗೆ ರಾತ್ರಿ ಹನ್ನೊಂದಕ್ಕೆ ಕೂತು ಇದನ್ನು ತೀರ್ಮಾನಿಸಬೇಕು.

ದೊಡ್ಡ ಮಟ್ಟದಲ್ಲೂ ಈ ಬವಣೆ ತಪ್ಪಿದ್ದಲ್ಲ. ಫ್ರಾನ್ಸಿನ ಮಿಷೆಲಿನ್ ಗೈಡ್ ರೆಸ್ಟೋರೆಂಟುಗಳಿಗೆ ನಕ್ಷತ್ರ ಕೊಡುವುದು ಗುಟ್ಟಾಗಿ ಹೋಗಿ ಉಣ್ಣುವ ತನಿಖೆಗಾರರ ವರದಿಯ ಮೇಲೆ. ಅವರು ಬಿಡಿಗೆಲಸದವರಲ್ಲ, ಪೂರ್ಣಾವಧಿ ನೌಕರರು. ಆದರೂ ಅವರಲ್ಲೊಬ್ಬನಾಗಿದ್ದ ಪ್ಯಾಸ್ಕಲ್ ರೆಮಿ 2004ರಲ್ಲಿ ಪುಸ್ತಕ ಬರೆದು, ವಾರಗಟ್ಟಲೆ ಊರೂರು ಅಲೆಯುತ್ತ ಒಬ್ಬನೇ ಕೂತು ಉಣ್ಣುವ, ಕಡಿಮೆ ಸಂಬಳದ, ವರದಿಯ ಗಡುವಿಗೆ ಓಡುವ ಬದುಕನ್ನು ಬಯಲಿಗಿಟ್ಟ. ಗುಟ್ಟು ಹೇಳಹೊರಟವನನ್ನು ಸಂಸ್ಥೆ ಅಷ್ಟರಲ್ಲಿ ಕೆಲಸದಿಂದ ತೆಗೆದಿತ್ತು.

ಇಷ್ಟಾಗಿಯೂ ಕೈಖರ್ಚಿಗೆಂದು ಸೇರುವ ವಿದ್ಯಾರ್ಥಿಗಳಿದ್ದಾರೆ, ತಪ್ಪೇನಿಲ್ಲ. ಆದರೆ ಇದೇ ಹೆಸರಿನಲ್ಲಿ ವಂಚಕರೂ ಹುಟ್ಟಿಕೊಂಡಿದ್ದಾರೆ. ಅಮೆರಿಕದಲ್ಲಿ ‘ನಿಮಗೆ ಮಿಸ್ಟರಿ ಶಾಪರ್ ಕೆಲಸ ಸಿಕ್ಕಿದೆ’ ಎಂದು ಖೋಟಾ ಚೆಕ್ ಕಳುಹಿಸಿ, ಅದರ ಹಣ ಬಂತೆಂದು ನಂಬಿದವರಿಂದ ಬೇರೆಡೆಗೆ ಹಣ ಹಾಕಿಸಿಕೊಳ್ಳುತ್ತಾರೆ. ನಮ್ಮಲ್ಲಿ ವಾಟ್ಸಾಪ್, ಟೆಲಿಗ್ರಾಂಗಳಲ್ಲಿ ‘ಹೋಟೆಲುಗಳಿಗೆ ರೇಟಿಂಗ್ ಕೊಡಿ, ಮನೆಯಲ್ಲೇ ಸಂಪಾದಿಸಿ’ ಎಂಬ ಸಂದೇಶ. ಮೊದಲು ನೂರಿನ್ನೂರು ಹಾಕಿ ನಂಬಿಕೆ ಹುಟ್ಟಿಸುತ್ತಾರೆ, ಆಮೇಲೆ ‘ದೊಡ್ಡ ಟಾಸ್ಕಿಗೆ ಠೇವಣಿ ಕಟ್ಟಿ’ ಎನ್ನುತ್ತಾರೆ. ಅಸಲಿ ಕೆಲಸದಲ್ಲಿ ಕೈಯಿಂದ ಹಣ ಹೋಗುವುದು ಹೋಟೆಲಿನ ಗಲ್ಲಾಕ್ಕೆ ಮಾತ್ರ, ಅದಕ್ಕೂ ಬಿಲ್ಲಿರುತ್ತದೆ. ಕೆಲಸ ಕೊಡುವವನಿಗೇ ಹಣ ಕಳುಹಿಸಿ ಎಂದರೆ ಅಲ್ಲಿಗೆ ನಿಲ್ಲಿಸಬೇಕು.

ಹಣ ಹೋಗಿಯೇಬಿಟ್ಟಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930. ಎಷ್ಟು ಬೇಗ ಕರೆ ಮಾಡಿದರೆ ಹಣವನ್ನು ಬ್ಯಾಂಕಿನಲ್ಲೇ ತಡೆಯುವ ಸಾಧ್ಯತೆ ಅಷ್ಟು ಹೆಚ್ಚು. ಮಕ್ಕಳು ಅಪ್ಪನಿಗೆ ಹೆದರಿ ಎರಡು ದಿನ ಮುಚ್ಚಿಡುತ್ತಾರೆ. ಬೈಗುಳವನ್ನು ರಾತ್ರಿಗೆ ಇಟ್ಟುಕೊಂಡು ಮೊದಲು ಫೋನ್ ಮಾಡಿ.