ಅತಿ ಸ್ಪಷ್ಟ ಟೆಲಿವಿಷನ್: ಈಗಲೇ ಕೊಳ್ಳೋಣವೇ, ಕಾಯೋಣವೇ?

ಕೊಯ್ಲು ಮುಗಿದು ಲೆಕ್ಕ ಚುಕ್ತಾ ಆಗುವ ದಿನಗಳಲ್ಲಿ ನಮ್ಮ ಸಂಘದ ಕಛೇರಿಗೆ ಬರುವ ಸದಸ್ಯರು ಅಡಿಕೆ, ಕಾಫಿಗಳ ಧಾರಣೆ ವಿಚಾರಿಸಿದ ಮೇಲೆ ಈಚೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತಿದ್ದಾರೆ. "ಮಗ 4ಕೆ ಟಿ.ವಿ. ತೆಗೆದುಕೊಳ್ಳಿ ಅನ್ನುತ್ತಾನೆ. ನೀವೇನನ್ನುತ್ತೀರಿ?" ಕೆಲವರು ಅದಕ್ಕಾಗಿ ಸಂಘದಿಂದ ಸಾಲ ಸಿಗುತ್ತದೆಯೇ ಎಂದೂ ಕೇಳಿದ್ದುಂಟು. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವುದಕ್ಕಿಂತ ನಮಗೆ ತಿಳಿದಷ್ಟನ್ನು ಇಲ್ಲಿ ಬರೆದುಬಿಡುವುದೇ ಒಳಿತೆಂದು ತೋರಿತು.

ಕಳೆದ ಬೇಸಿಗೆಯಲ್ಲಿ ನಾವು ಮಗನ ಮನೆಗೆಂದು ಬೆಂಗಳೂರಿನ ಮಹದೇವಪುರಕ್ಕೆ ಹೋಗಿದ್ದೆವು. 2007ರಲ್ಲಿ ಬೃಹತ್ ಬೆಂಗಳೂರು ಪಾಲಿಕೆಗೆ ಸೇರುವ ಮುನ್ನ ಪ್ರತ್ಯೇಕ ನಗರಸಭೆಯಾಗಿದ್ದ ಈ ಊರು ಇಂದು ನಮ್ಮ ಕಡೆಯ ಎಷ್ಟೋ ಮನೆಗಳ ಮಕ್ಕಳಿಗೆ ಅನ್ನ ಕೊಡುತ್ತಿದೆ. ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿದರೆ ಮೆಟ್ರೋದಲ್ಲೇ ವೈಟ್‌ಫೀಲ್ಡಿನವರೆಗೂ ಹೋಗಬಹುದು. ಮಗನ ಮನೆಯ ಗೋಡೆಯ ಮೇಲೆ 55 ಅಂಗುಲದ ಪರದೆ. ಅದರಲ್ಲಿ ಕಾಡಿನ ಚಿತ್ರವೊಂದನ್ನು ಹಾಕಿ ತೋರಿಸಿದ. ಎಲೆಯ ಮೇಲಿನ ಹನಿಯನ್ನು ಎಣಿಸಬಹುದಾಗಿತ್ತು. ನಮ್ಮ ಮನೆಯವರು, "ನಮ್ಮ ತೋಟದಲ್ಲೂ ಎಲೆ ಇಷ್ಟು ಚೆನ್ನಾಗಿ ಕಾಣುವುದಿಲ್ಲವಲ್ಲ!" ಎಂದರು. ಸಂಜೆ ಅದೇ ಪರದೆಯಲ್ಲಿ ನಾವು ನಿತ್ಯ ನೋಡುವ ವಾರ್ತೆ ಹಾಕಿಸಿದೆವು. ಮುಖಗಳು ಮಂಜಿನಲ್ಲಿ ನಿಂತಂತೆ ಕಂಡವು. ಒಂದೇ ಪೆಟ್ಟಿಗೆ, ಒಂದೇ ಗೋಡೆ, ಹೀಗೇಕೆ? ಈ ಪ್ರಶ್ನೆಗೆ ಉತ್ತರ ತಿಳಿದರೆ ಕೊಳ್ಳುವ ಪ್ರಶ್ನೆಗೂ ಅರ್ಧ ಉತ್ತರ ಸಿಕ್ಕಂತೆಯೇ.

ಚುಕ್ಕಿಗಳ ಲೆಕ್ಕ

ಪರದೆಯ ಚಿತ್ರವೆಂದರೆ ಚುಕ್ಕಿಗಳ ರಂಗೋಲಿ. ಹಳೆಯ ಅಳತೆಯ ವಾಹಿನಿಯಲ್ಲಿ ಸುಮಾರು 4 ಲಕ್ಷ ಚುಕ್ಕಿಗಳಿರುತ್ತವೆ. ಪೂರ್ಣ ಎಚ್.ಡಿ. ಎಂದರೆ 1920ಕ್ಕೆ 1080, ಅಂದರೆ ಸುಮಾರು 20 ಲಕ್ಷ 70 ಸಾವಿರ. 4ಕೆ ಎಂಬ ಅತಿ ಸ್ಪಷ್ಟ ಅಳತೆ 3840ಕ್ಕೆ 2160, ಸುಮಾರು 83 ಲಕ್ಷ. ಹಳೆಯ ಅಳತೆಯ ವಾಹಿನಿಯನ್ನು ಈ ಪರದೆಯಲ್ಲಿ ಹಾಕಿದಾಗ ಅದರ ಒಂದೊಂದು ಚುಕ್ಕಿಯನ್ನೂ 20 ಚುಕ್ಕಿಗಳ ಜಾಗಕ್ಕೆ ಹಿಗ್ಗಿಸಬೇಕಾಗುತ್ತದೆ. ಹಾಲು ಸೇರಷ್ಟೇ ಇದ್ದು ಹಂಡೆ ದೊಡ್ಡದಾದರೆ ಸೇರಿಸುವುದು ನೀರನ್ನೇ ತಾನೆ?

ಕನ್ನಡ ವಾಹಿನಿಗಳಲ್ಲಿ ಕೆಲವು ಎಚ್.ಡಿ.ಯಲ್ಲಿವೆ, ಉಳಿದವು ಹಳೆಯ ಅಳತೆಯಲ್ಲೇ ಇವೆ. ನಿತ್ಯದ 4ಕೆ ಕನ್ನಡ ವಾಹಿನಿ ಒಂದೂ ಇಲ್ಲ. ಜಪಾನಿನಲ್ಲಿ 2018ರ ಡಿಸೆಂಬರ್ 1ರಂದೇ 4ಕೆ ಮತ್ತು 8ಕೆ ಉಪಗ್ರಹ ಪ್ರಸಾರ ಆರಂಭವಾಯಿತು. ನಮ್ಮಲ್ಲಿ 4ಕೆ ಬರುವುದು ಮುಖ್ಯವಾಗಿ ಇಂಟರ್‌ನೆಟ್ಟಿನ ಮೂಲಕ. ಅದಕ್ಕೆ ಸೆಕೆಂಡಿಗೆ ಸುಮಾರು 15 ಮೆಗಾಬಿಟ್ ವೇಗ ಬೇಕು. ಗುಣಿಸಿ ನೋಡಿದರೆ ಗಂಟೆಗೆ ಆರೂಮುಕ್ಕಾಲು ಜಿ.ಬಿ. ಆಯಿತು. ಮೊಬೈಲಿನ ದಿನಕ್ಕೆರಡು ಜಿ.ಬಿ. ಯೋಜನೆ ನೆಚ್ಚಿಕೊಂಡರೆ 18 ನಿಮಿಷಕ್ಕೇ ಆಟ ಮುಗಿಯಿತು! ಮನೆಗೆ ಫೈಬರ್ ತಂತಿ ಬಂದಿಲ್ಲವಾದರೆ 4ಕೆ ಮಾತು ಸದ್ಯಕ್ಕೆ ಬೇಡ.

ಇಷ್ಟಾದರೂ ಸಾಧ್ಯವಾಗಿರುವುದು ಚಿತ್ರವನ್ನು ಹಿಂಡಿ ಕಳುಹಿಸುವ ವಿದ್ಯೆಯಿಂದ. 2013ರಲ್ಲಿ ರೂಢಿಗೆ ಬಂದ ಎಚ್.ಇ.ವಿ.ಸಿ. ಎಂಬ ಪದ್ಧತಿ ಹಿಂದಿನದರ ಸುಮಾರು ಅರ್ಧ ಜಾಗದಲ್ಲೇ ಅಷ್ಟೇ ಗುಣದ ಚಿತ್ರವನ್ನು ಕಳುಹಿಸಬಲ್ಲದು. ಇದರಲ್ಲಿ ನಮ್ಮ ಬೆಂಗಳೂರಿನ ಪಾಲೂ ಇದೆ. 2001ರಲ್ಲಿ ಹುಟ್ಟಿದ ಇಟ್ಟಿಯಮ್ ಸಿಸ್ಟಮ್ಸ್ ಎಂಬ ಇಲ್ಲಿಯ ಸಂಸ್ಥೆ ಈ ಪದ್ಧತಿಯ ಚಿತ್ರವನ್ನು ಬಿಡಿಸಿ ತೋರಿಸುವ ತಂತ್ರಾಂಶ ಬರೆಯಿತು. ಅದು ಆಂಡ್ರಾಯ್ಡ್ ಫೋನುಗಳೊಳಗೂ ಸೇರಿತು. ಜಾಲಹಳ್ಳಿಯ ಬಿ.ಇ.ಎಲ್. ಕಾರ್ಖಾನೆ 1970ರಲ್ಲೇ ಕಪ್ಪು ಬಿಳುಪು ಟಿ.ವಿ.ಯ ಚಿತ್ರನಳಿಗೆ ತಯಾರಿಸಲು ತೊಡಗಿತ್ತು ಎಂಬುದನ್ನೂ ಇಲ್ಲಿ ನೆನೆಯಬೇಕು.

ನಾವು ಆತುರಪಟ್ಟ ಕಥೆ

ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. ಮರುವರ್ಷವೇ ದೇಶಕ್ಕೆ ಬಣ್ಣದ ಪ್ರಸಾರ ಬಂತು. ನಮ್ಮ ತಂದೆಯವರು ಆತುರಪಡಲಿಲ್ಲ. ಗುಡ್ಡದಾಚೆಯ ಪ್ರಸಾರ ನಮ್ಮ ಕಣಿವೆಗೆ ಇಣುಕುವವರೆಗೂ ಕಾದು, 1987ರಲ್ಲಿ ರಾಮಾಯಣ ಧಾರಾವಾಹಿಗೆಂದು ಕಪ್ಪು ಬಿಳುಪು ಸೆಟ್ಟು ತಂದರು. ಮನೆಯ ಹಿಂದಿನ ದಿಬ್ಬದ ಮೇಲೆ ಕಂಬ ನೆಟ್ಟು ಆಂಟೆನಾ ಏರಿಸಿದೆವು. ಒಬ್ಬರು ಕಂಬ ತಿರುಗಿಸುವುದು, ಒಬ್ಬರು ಕಿಟಕಿಯಿಂದ "ಬಂತು, ಬಂತು, ಹೋಯ್ತು" ಎಂದು ಕೂಗುವುದು. ಆ ಸೆಟ್ಟು ಹತ್ತು ವರ್ಷ ಬಾಳಿತು.

ನಾವಾದರೋ 2011ರಲ್ಲಿ ಕಾಳುಮೆಣಸಿನ ಹಣ ಕೈಗೆ ಬಂದ ಹುಮ್ಮಸ್ಸಿನಲ್ಲಿ ದೊಡ್ಡ ಪ್ಲಾಸ್ಮಾ ಟಿ.ವಿ. ತಂದೆವು. ಮೂರು ಆಯಾಮದ ಚಿತ್ರ ಕಾಣುತ್ತದೆಂದು ಕನ್ನಡಕವನ್ನೂ ಕೊಟ್ಟಿದ್ದರು. ಕನ್ನಡಕ ಹಾಕಿದ್ದು ಎರಡೇ ಸಲ. ನಾಲ್ಕನೆಯ ಮಳೆಗಾಲದಲ್ಲಿ ಸೆಟ್ಟು ಸುಟ್ಟಿತು. ಅಷ್ಟು ಹೊತ್ತಿಗೆ ಪ್ರಮುಖ ತಯಾರಕರೆಲ್ಲ ಪ್ಲಾಸ್ಮಾ ಕೈಬಿಟ್ಟಿದ್ದರು. ಬಿಡಿಭಾಗವಿಲ್ಲವೆಂದು ಅಂಗಡಿಯವರು ಕೈಯೆತ್ತಿದರು. 2017ರ ಹೊತ್ತಿಗೆ ಮೂರು ಆಯಾಮದ ಟಿ.ವಿ.ಯೂ ಮಾರುಕಟ್ಟೆ ಬಿಟ್ಟಿತು. ತಳಿ ಹೊಸದೆಂದು ತೋಟವಿಡೀ ಒಂದೇ ವರ್ಷ ನೆಡುವ ರೈತ ಎಡವುವಂತೆಯೇ ನಾವೂ ಎಡವಿದೆವು.

ಕುಳಿತುಕೊಳ್ಳುವ ದೂರ

4ಕೆ ಆ ಜಾತಿಯದಲ್ಲ; ಅದು ನೆಲೆ ನಿಂತಿದೆ. ಇಂದು 43 ಅಂಗುಲ ಮತ್ತು ಮೇಲ್ಪಟ್ಟ ಸೆಟ್ಟುಗಳಲ್ಲಿ ಬಹುಪಾಲು 4ಕೆಯೇ. ಆದರೆ ಅದರ ಲಾಭ ಕಣ್ಣಿಗೆ ದಕ್ಕುತ್ತದೆಯೇ ಎಂಬುದು ಕೂರುವ ದೂರದ ಮೇಲೆ ನಿಂತಿದೆ. ಆರೋಗ್ಯವಂತ ಕಣ್ಣು ಪರದೆಯ ಎತ್ತರದ ಸುಮಾರು ಮೂರು ಪಟ್ಟು ದೂರದಿಂದ ನೋಡಿದರೆ ಎಚ್.ಡಿ.ಯ ಚುಕ್ಕಿಗಳೇ ಕಾಣುವುದಿಲ್ಲ. ಅದಕ್ಕಿಂತ ದೂರ ಕೂತವರಿಗೆ 4ಕೆ ಚುಕ್ಕಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅಳತೆ ಹೀಗಿದೆ:

32 ಅಂಗುಲದ ಪರದೆ: ಸುಮಾರು 4 ಅಡಿ.
43 ಅಂಗುಲ: ಸುಮಾರು ಐದೂವರೆ ಅಡಿ.
55 ಅಂಗುಲ: ಸುಮಾರು 7 ಅಡಿ.
65 ಅಂಗುಲ: ಸುಮಾರು 8 ಅಡಿ.

ಮಗನ ಮನೆಯ ಕೋಣೆಯಲ್ಲಿ ಸೋಫಾ ಪರದೆಯಿಂದ ಆರು ಅಡಿ. ಅಲ್ಲಿ 55 ಅಂಗುಲದ 4ಕೆಗೆ ಅರ್ಥವಿದೆ. ನಮ್ಮ ಜಗಲಿಯಲ್ಲಿ ಅಜ್ಜಿಯ ಆರಾಮಕುರ್ಚಿ ಹನ್ನೆರಡು ಅಡಿ ಹಿಂದೆ. ಆಕೆಗೆ 43 ಅಂಗುಲದ 4ಕೆ ಕೊಂಡರೆ ಚುಕ್ಕಿಗೆ ಕೊಟ್ಟ ಹಣ ದಂಡ. ಬೆಳಕು ಮತ್ತು ಬಣ್ಣದ ವ್ಯಾಪ್ತಿಯನ್ನು ಹೆಚ್ಚಿಸುವ ಎಚ್.ಡಿ.ಆರ್. ಎಂಬುದು ಮಾತ್ರ ದೂರದಿಂದಲೂ ಕಾಣುತ್ತದೆ. ಆದರೆ ಅಗ್ಗದ ಸೆಟ್ಟುಗಳಲ್ಲಿ ಆ ಹೆಸರಿನ ಚೀಟಿ ಇರುತ್ತದೆಯೇ ಹೊರತು ಅದನ್ನು ತೋರಿಸುವಷ್ಟು ಬೆಳಕಿರುವುದಿಲ್ಲ.

ನಮ್ಮ ಕಡೆಯ ಕರೆಂಟು, ಸಿಡಿಲುಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. 32 ಅಂಗುಲದ ಸೆಟ್ಟು ಸುಮಾರು 50 ವ್ಯಾಟ್ ಉಂಡರೆ 55 ಅಂಗುಲದ್ದು ನೂರು ದಾಟುತ್ತದೆ. ಇನ್ವರ್ಟರ್ ಬ್ಯಾಟರಿಯ ಮೇಲೆ ಅಷ್ಟು ಭಾರ. ಗುಡುಗು ಕೇಳಿದೊಡನೆ ಪ್ಲಗ್ಗನ್ನೂ ಡಿಶ್ಶಿನ ತಂತಿಯನ್ನೂ ಕಿತ್ತಿಡುವ ಅಭ್ಯಾಸ ಬಿಡಬೇಡಿ. ಭಾರಿ ಮಳೆಗೆ ಡಿಶ್ಶಿನ ಚಿತ್ರ ಒಡೆಯುವುದನ್ನು ಯಾವ ಬೆಲೆಯ ಟಿ.ವಿ.ಯೂ ತಡೆಯಲಾರದು.

ಮೊದಲು ಬೇಕಾದದ್ದು ಯಾವುದು?

ಈಗ ನಾವು ಮುಖ್ಯವೆಂದು ತಿಳಿದ ಮಾತು. ನಮ್ಮ ಮದುವೆ ನಡೆದದ್ದು 1998ರಲ್ಲಿ. ಅದರ ವಿಡಿಯೋ ಕ್ಯಾಸೆಟ್ಟನ್ನು ಗೋದ್ರೇಜ್ ಬೀರುವಿನಲ್ಲಿ ಭದ್ರವಾಗಿ ಇಟ್ಟಿದ್ದೆವು. ಮಲೆನಾಡಿನ ಮಳೆ ಬೀರುವಿಗೂ ಹೆದರುವುದಿಲ್ಲ. ಟೇಪಿಗೆ ಬೂಷ್ಟು ಹಿಡಿದಿತ್ತು. ಮಗ ಅದನ್ನು ಬೆಂಗಳೂರಿನಲ್ಲಿ ತೊಳೆಸಿ, ಕಂಪ್ಯೂಟರಿಗೆ ಇಳಿಸಿ, ಆ ರಾತ್ರಿ ದೊಡ್ಡ ಪರದೆಯಲ್ಲಿ ಹಾಕಿದ. ತೀರಿಹೋದ ನಮ್ಮ ತಂದೆಯವರು ಧಾರೆಯೆರೆಯುವ ಮಂಟಪದ ಬಳಿ ನಿಂತಿದ್ದರು. ಪಂಚೆ, ಶಾಲು ಗುರುತಾದವು. ಮುಖ ಮಾತ್ರ ಒಂದು ಕಂದು ಕಲೆ. 83 ಲಕ್ಷ ಚುಕ್ಕಿಗಳು ಸೇರಿದರೂ ಅವರ ಕಣ್ಣನ್ನು ನಮಗೆ ತೋರಿಸಲಾಗಲಿಲ್ಲ. ಹಿಡಿಯುವಾಗ ಸಿಗದೆ ಹೋದದ್ದು ಮುಂದೆ ಎಂದೂ ಸಿಗುವುದಿಲ್ಲ.

ಇದಕ್ಕೆ ಎದುರಾದ ಉದಾಹರಣೆಯೂ ಉಂಟು. ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ' 1977ರ ಕಪ್ಪು ಬಿಳುಪು ಚಿತ್ರ. ಅದನ್ನು ಫಿಲ್ಮಿನ ಮೇಲೆ ಹಿಡಿದದ್ದರಿಂದ ಸೂಕ್ಷ್ಮವೆಲ್ಲ ಅದರೊಳಗೇ ಅಡಗಿತ್ತು. ಅದನ್ನು 4ಕೆ ಅಳತೆಯಲ್ಲಿ ಪುನರುದ್ಧಾರ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಟಿ.ವಿ.ಯೇ ಅಪರೂಪವಾಗಿದ್ದ ಕಾಲದ ಚಿತ್ರ ಇಂದಿನ ಪರದೆಗೆ ಸಾಕಾಗುವಷ್ಟಿತ್ತು.

ಆದ್ದರಿಂದ ಪರದೆಗೆ ಕಾಯಬಹುದು, ಹಿಡಿಯುವುದಕ್ಕೆ ಕಾಯಬಾರದು. ಇಂದು ಸಾಧಾರಣ ಬೆಲೆಯ ಎಷ್ಟೋ ಮೊಬೈಲುಗಳಲ್ಲೂ 4ಕೆ ವಿಡಿಯೋ ತೆಗೆಯುವ ಅನುಕೂಲವಿದೆ. ಕ್ಯಾಮೆರಾದ ಸೆಟ್ಟಿಂಗಿನಲ್ಲಿ ಬದಲಿಸಬೇಕಷ್ಟೆ. ಒಂದು ನಿಮಿಷಕ್ಕೆ ಸುಮಾರು 170ರಿಂದ 350 ಎಂ.ಬಿ. ಜಾಗ ಹಿಡಿಯುತ್ತದೆ. ಹಗಲಿನ ಬೆಳಕಿನಲ್ಲಿ, ಮೊಬೈಲನ್ನು ಅಡ್ಡ ಹಿಡಿದು, ಹತ್ತಿರ ಕೂತು, ಹಿರಿಯರಿಂದ ಹತ್ತು ನಿಮಿಷ ಮಾತಾಡಿಸಿ. ಅಡಿಕೆ ಸುಲಿಯುವ ಕೈ, ಚೊಗರು ಕಾಯಿಸುವ ಹದ, ಕೊನೆಗಾರ ಮರದಿಂದ ಮರಕ್ಕೆ ಹಾರುವ ಬಗೆ ಇವೂ ಬೇಗ ಮರೆಯಾಗುತ್ತಿವೆ. ವಾಟ್ಸಾಪಿನಲ್ಲಿ ಕಳುಹಿಸಿದರೆ ಚಿತ್ರ ಸೊರಗುತ್ತದೆ. ಮೂಲ ಪ್ರತಿಯನ್ನು ಎರಡು ಕಡೆ, ಒಂದು ಇಲ್ಲಿ, ಒಂದು ಮಕ್ಕಳ ಬಳಿ, ಇಡಿ.

ನಮ್ಮ ಸಲಹೆ

1. ಇರುವ ಸೆಟ್ಟು ಚೆನ್ನಾಗಿದ್ದರೆ ಬದಲಿಸಬೇಡಿ. ಕೆಟ್ಟ ದಿನವೇ ಕೊಳ್ಳುವ ದಿನ.

2. ಫೈಬರ್ ಇದ್ದು, ಕೂರುವ ದೂರ ಏಳೆಂಟು ಅಡಿಯೊಳಗಿದ್ದರೆ 55 ಅಂಗುಲದ 4ಕೆ ಸರಿ. ಇಲ್ಲವಾದರೆ 32 ಅಂಗುಲದ ಎಚ್.ಡಿ. ಸೆಟ್ಟು ಸಾಕು.

3. 8ಕೆ ಬೇಡ. ಅದಕ್ಕೆ ತಕ್ಕ ಕಾರ್ಯಕ್ರಮ ನಮ್ಮಲ್ಲಿ ಬರುವುದಿಲ್ಲ.

4. ಅಂಗಡಿಯಲ್ಲಿ ಹಾಕಿರುವ ಹೂವು, ನವಿಲಿನ ಚಿತ್ರ ನೋಡಿ ಒಪ್ಪಬೇಡಿ. ನೀವು ದಿನವೂ ನೋಡುವ ವಾಹಿನಿ ಹಾಕಿಸಿ ನೋಡಿ.

5. ಹತ್ತಿರದ ಪೇಟೆಯಲ್ಲಿ ದುರಸ್ತಿಗೆ ಜನ ಬರುವ ಕಂಪನಿಯದನ್ನೇ ಕೊಳ್ಳಿ.

6. 2025ರ ಸೆಪ್ಟೆಂಬರ್ 22ರಿಂದ 32 ಅಂಗುಲ ಮೀರಿದ ಟಿ.ವಿ.ಗಳ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿದಿದೆ. ತೆರಿಗೆ ಬಿಟ್ಟು 40,000 ರೂಪಾಯಿಯ ಸೆಟ್ಟಿಗೆ 4,000 ರೂಪಾಯಿ ಉಳಿತಾಯ. ಬಿಲ್ಲು ನೋಡಿ ಕೊಳ್ಳಿ.

ಸಾಲದ ಮಾತಿಗೆ ಉತ್ತರ: ಕೊಳೆರೋಗಕ್ಕೆ ಮೈಲುತುತ್ತ, ತೋಟಕ್ಕೆ ಗೊಬ್ಬರ, ಇವುಗಳ ಸಾಲ ಫಸಲಿನಲ್ಲಿ ತೀರುತ್ತದೆ. ಟಿ.ವಿ. ಫಸಲು ಕೊಡುವುದಿಲ್ಲ. ಕೈಯಲ್ಲಿ ಉಳಿದ ಹಣವಿದ್ದರೆ ಕೊಳ್ಳಿ, ಸಂತೋಷವಾಗಿ ನೋಡಿ.

ನಾವಂತೂ ಈ ವರ್ಷ ಟಿ.ವಿ. ಕೊಳ್ಳಲಿಲ್ಲ. ಊರಿಗೆ ಬಂದ ಮಾರನೆಯ ಬೆಳಿಗ್ಗೆ ತಾಯಿಯವರನ್ನು ಜಗಲಿಯ ಬೆಳಕಿನಲ್ಲಿ ಕೂರಿಸಿ, ಅವರು ತವರಿನಿಂದ ಈ ತೋಟಕ್ಕೆ ಬಂದ ದಿನದ ಕಥೆ ಕೇಳಿ ಮೊಬೈಲಿಗೆ ಹಿಡಿದೆವು. "ಈ ಸುಕ್ಕೆಲ್ಲ ಬೀಳುತ್ತದೇನೋ?" ಎಂದು ಕೇಳಿದರು. ಬೀಳಲಿ ಎಂದೆವು.