ಪಾರ್ಶ್ವವಾಯು: ಮಿದುಳು ಕಾಯುವ ಮದ್ದು ಇದೆಯೇ?

ತೋಟದ ರೋಗಗಳ ಬಗ್ಗೆ ಈ ಪುಟಗಳಲ್ಲಿ ಬರೆಯುವುದು ವಾಡಿಕೆ. ಈ ಸಲ ತೋಟ ನೋಡಿಕೊಳ್ಳುವವರಿಗೇ ಬರುವ ರೋಗವೊಂದನ್ನು ಕುರಿತು ನಾಲ್ಕು ಮಾತು ಹೇಳಬೇಕಾಗಿದೆ. ಪಾರ್ಶ್ವವಾಯು, ಅಂದರೆ ಲಕ್ವ, ಬಡಿದಾಗ "ಮಿದುಳಿಗೆ ಶಕ್ತಿ ಬರುವ ಇಂಜೆಕ್ಷನ್ ಹಾಕಿಸಿದ್ದೇವೆ, ಎರಡು ದಿನ ನೋಡೋಣ" ಎಂದು ಮನೆಯವರು ಸಮಾಧಾನಪಟ್ಟುಕೊಳ್ಳುವುದುಂಟು. ಈ ಸಮಾಧಾನ ಎಷ್ಟರಮಟ್ಟಿಗೆ ಸರಿ ಎಂಬುದನ್ನು ವಿಚಾರ ಮಾಡೋಣ.

ಮಿದುಳಿನಲ್ಲಿ ಆಗುವುದೇನು?

ಪಾರ್ಶ್ವವಾಯುವಿನಲ್ಲಿ ಎರಡು ಬಗೆ. ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡು ರಕ್ತ ನಿಲ್ಲುವುದು ಒಂದು. ನಾಳ ಒಡೆದು ರಕ್ತ ಸೋರುವುದು ಇನ್ನೊಂದು. ಮೊದಲನೆಯದೇ ಹೆಚ್ಚು. ಹೆಪ್ಪು ಅಡ್ಡವಾದಾಗ ನಡುಭಾಗದ ಜೀವಕೋಶಗಳು ಕೆಲವೇ ನಿಮಿಷಗಳಲ್ಲಿ ಸಾಯುತ್ತವೆ. ಸುತ್ತಲಿನ ಭಾಗ ಮಾತ್ರ ಅಕ್ಕಪಕ್ಕದ ನಾಳಗಳಿಂದ ಬರುವ ಅಲ್ಪಸ್ವಲ್ಪ ರಕ್ತದಿಂದ ಜೀವ ಹಿಡಿದುಕೊಂಡಿರುತ್ತದೆ. ನೀರಿಲ್ಲದೆ ಬಾಡಿದ, ಆದರೆ ಇನ್ನೂ ಒಣಗದ ಗಿಡಗಳ ಹಾಗೆ. ಉಳಿಸಿಕೊಳ್ಳಬಹುದಾದದ್ದು ಈ ಭಾಗವೇ.

ರಕ್ತ ಸಾಲದ ಕೋಶಗಳಿಂದ ಗ್ಲುಟಮೇಟ್ ಎಂಬ ರಾಸಾಯನಿಕ ಮಿತಿಮೀರಿ ಹೊರಬೀಳುತ್ತದೆ. ಅದರಿಂದಾಗಿ ನೆರೆಯ ಕೋಶಗಳೊಳಕ್ಕೆ ಕ್ಯಾಲ್ಸಿಯಂ ನುಗ್ಗಿ ಅವೂ ಹಾಳಾಗುತ್ತವೆ. ದೊಡ್ಡ ನಾಳವೊಂದು ಮುಚ್ಚಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆಂದು 2006ರಲ್ಲಿ ಅಮೆರಿಕದಲ್ಲಿ ಲೆಕ್ಕ ಹಾಕಲಾಯಿತು.

ಮದ್ದಿನ ಹುಡುಕಾಟ

ಈ ನಾಶವನ್ನು ನಡುವೆಯೇ ತಡೆಯುವ ಮದ್ದಿಗಾಗಿ ವಿಜ್ಞಾನಿಗಳು ದಶಕಗಳಿಂದ ಶ್ರಮಿಸುತ್ತಿದ್ದಾರೆ. 2006ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಎಣಿಸಿದಾಗ ಇಂಥ 1,026 ಚಿಕಿತ್ಸೆಗಳು ಪ್ರಯೋಗಕ್ಕೆ ಬಂದಿದ್ದವು. ಇಲಿಗಳಲ್ಲಿ ಗುಣ ತೋರಿದ ಮದ್ದುಗಳು ಮನುಷ್ಯರಲ್ಲಿ ಒಂದಾದ ಮೇಲೊಂದು ಸೋತವು. ಎನ್‌ಎಕ್ಸ್‌ವೈ-059 ಎಂಬ ಮದ್ದು ಮೊದಲ ಪರೀಕ್ಷೆಯಲ್ಲಿ ಆಸೆ ಹುಟ್ಟಿಸಿ, 3,300ಕ್ಕೂ ಹೆಚ್ಚು ರೋಗಿಗಳ ಎರಡನೆಯ ಪರೀಕ್ಷೆಯಲ್ಲಿ ನಿಷ್ಫಲವಾಯಿತು. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಆಂಬುಲೆನ್ಸಿನಲ್ಲೇ ಮೆಗ್ನೀಸಿಯಂ ಕೊಟ್ಟು 1,700 ರೋಗಿಗಳಲ್ಲಿ ನೋಡಲಾಯಿತು. 2015ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಪ್ರಯೋಜನ ಕಾಣಲಿಲ್ಲ. ನಮ್ಮ ದೇಶದಲ್ಲಿ ಬಹಳವಾಗಿ ಬರೆದುಕೊಡುವ ಸಿಟಿಕೋಲಿನ್ ಮದ್ದನ್ನು ಯುರೋಪಿನಲ್ಲಿ 2,298 ರೋಗಿಗಳಲ್ಲಿ ಪರೀಕ್ಷಿಸಿದಾಗ, 2012ರ ವರದಿಯಂತೆ, ಅದರ ಫಲ ಬರಿಯ ಹುಸಿಮದ್ದಿಗಿಂತ ಹೆಚ್ಚಾಗಿರಲಿಲ್ಲ.

ಕಾರಣಗಳು ಹಲವು. ಪ್ರಯೋಗದ ಇಲಿ ಎಳೆಯದು, ಆರೋಗ್ಯವಾದದ್ದು. ಮದ್ದೂ ಬೇಗ ಸಿಗುತ್ತದೆ. ರೋಗಿಯಾದರೋ ಬಹುಮಟ್ಟಿಗೆ ವಯಸ್ಸಾದವರು, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು. ಮದ್ದು ಸಿಗುವಾಗ ಗಂಟೆಗಳೇ ಕಳೆದಿರುತ್ತವೆ. ಮೇಲಾಗಿ ಕಟ್ಟಿಕೊಂಡ ಪೈಪಿಗೆ ಗೊಬ್ಬರದ ನೀರು ಬಿಟ್ಟರೆ ಗಿಡದ ಬುಡ ಮುಟ್ಟೀತೆ? ರಕ್ತ ಹರಿಯದ ಕಡೆಗೆ ಮದ್ದು ತಲಪುವುದೂ ಅಷ್ಟೇ ಕಷ್ಟ.

ಹುಡುಕಾಟ ನಿಂತಿಲ್ಲ. ಜಪಾನಿನಲ್ಲಿ 2001ರಿಂದ ಎಡರಾವೋನ್ ಬಳಕೆಯಲ್ಲಿದೆ. ಚೀನಾದಲ್ಲಿ ಇದಕ್ಕೆ ಡೆಕ್ಸ್‌ಬೋರ್ನಿಯಾಲ್ ಕೂಡಿಸಿ 1,200ರಷ್ಟು ರೋಗಿಗಳ ಪರೀಕ್ಷೆಯಲ್ಲಿ ನೋಡಿದಾಗ, ಕೂಡಿಸಿದ ಮದ್ದು ಪಡೆದವರಲ್ಲಿ ನೂರಕ್ಕೆ 67 ಮಂದಿ ಚೆನ್ನಾಗಿ ಚೇತರಿಸಿಕೊಂಡರು. ಎಡರಾವೋನ್ ಒಂದನ್ನೇ ಪಡೆದವರಲ್ಲಿ ಇದು 59. ಆಶಾದಾಯಕವೇ ಸರಿ. ಆದರೆ ಇದು ಎಲ್ಲ ದೇಶಗಳೂ ಒಪ್ಪಿದ ಚಿಕಿತ್ಸೆಯಲ್ಲ, ಮುಚ್ಚಿದ ನಾಳವನ್ನು ತೆರೆಯುವ ಕೆಲಸಕ್ಕೆ ಬದಲಿಯೂ ಅಲ್ಲ.

ವೇಳೆಯೇ ಮುಖ್ಯ

ಹೆಪ್ಪು ಕರಗಿಸುವ ಇಂಜೆಕ್ಷನ್ನಿನ ಉಪಯೋಗ 1995ರಲ್ಲಿ ಅಮೆರಿಕದ ಪರೀಕ್ಷೆಯಿಂದ ಸಿದ್ಧವಾಯಿತು. ಇದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ದೊಡ್ಡ ನಾಳದ ಹೆಪ್ಪನ್ನು ತೆಳುವಾದ ಕೊಳವೆ ತೂರಿಸಿ ಹೊರತೆಗೆಯುವ ವಿಧಾನ 2015ರಿಂದ ನೆಲೆಗೊಂಡಿದೆ. ಆಯ್ದ ಕೆಲವರಿಗೆ ಇದನ್ನು 24 ಗಂಟೆಯವರೆಗೂ ಮಾಡಬಹುದು. ಆದರೂ ಬೇಗ ಹೋದಷ್ಟೂ ಉಳಿಯುವುದು ಹೆಚ್ಚು. ನಾಳ ಒಡೆದ ರೋಗಿಗೆ ಹೆಪ್ಪು ಕರಗಿಸುವ ಮದ್ದು ಅಪಾಯ. ಆದುದರಿಂದ ಮೊದಲು ಸಿ.ಟಿ. ಸ್ಕ್ಯಾನ್ ಆಗಲೇಬೇಕು.

ವೈದ್ಯರು ಬರೆದ ಮದ್ದು ಬೇಡವೆನ್ನುವುದು ನಮ್ಮ ಉದ್ದೇಶವಲ್ಲ. ಅದನ್ನು ನಂಬಿ ವೇಳೆ ಕಳೆಯಬಾರದೆಂಬುದೇ ನಮ್ಮ ಮಾತು. ಘಟ್ಟದ ತೋಟಗಳಿಂದ ದೊಡ್ಡ ಆಸ್ಪತ್ರೆಗೆ ಹೋಗಲು ಎರಡು ಮೂರು ಗಂಟೆ ಹಿಡಿಯುವುದು ಹೊಸದಲ್ಲವಾದ್ದರಿಂದ ಸದಸ್ಯ ಬಾಂಧವರು ಈ ಕೆಳಗಿನವನ್ನು ಗಮನದಲ್ಲಿಡಬೇಕು.

1. ಮುಖ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಕೂಡಲೇ 108ಕ್ಕೆ ಕರೆ ಮಾಡಿ. ತಾನಾಗಿ ಸರಿಹೋದರೂ ಆಸ್ಪತ್ರೆಗೆ ಹೋಗಿ.

2. ರೋಗಿ ಕೊನೆಯದಾಗಿ ಸರಿಯಾಗಿದ್ದ ಗಂಟೆಯನ್ನು ಬರೆದಿಟ್ಟುಕೊಳ್ಳಿ. ವೈದ್ಯರು ಮೊದಲು ಕೇಳುವುದು ಅದನ್ನೇ.

3. ನೀರು, ಆಹಾರ, ಮಾತ್ರೆ ಯಾವುದನ್ನೂ ಬಾಯಿಗೆ ಹಾಕಬೇಡಿ. ಸ್ಕ್ಯಾನ್ ಆಗುವ ಮೊದಲು ಆಸ್ಪಿರಿನ್ ಸಹ ಕೊಡಬೇಡಿ.

4. ನಿಮ್ಮ ಊರಿಗೆ ಹತ್ತಿರದಲ್ಲಿ ಸಿ.ಟಿ. ಸ್ಕ್ಯಾನ್ ಮತ್ತು ಹೆಪ್ಪು ಕರಗಿಸುವ ಇಂಜೆಕ್ಷನ್ ಎರಡೂ ಹಗಲಿರುಳು ಸಿಗುವ ಆಸ್ಪತ್ರೆ ಯಾವುದೆಂದು ಈಗಲೇ ವಿಚಾರಿಸಿ, ಅದರ ಫೋನ್ ನಂಬರನ್ನು ಗೋಡೆಯ ಮೇಲೆ ಬರೆದಿಡಿ.

ಇನ್ನೊಂದು ಮಾತು. ಕೊಳೆರೋಗಕ್ಕೆ ಮಳೆಗೆ ಮೊದಲೇ ಬೋರ್ಡೊ ಹೊಡೆಯುವವರು ನಾವು. ಪಾರ್ಶ್ವವಾಯುವಿಗೆ ಅತಿ ದೊಡ್ಡ ಕಾರಣ ರಕ್ತದೊತ್ತಡ. ಅದನ್ನು ಆಗಾಗ ಅಳೆಸಿ, ಕೊಟ್ಟ ಮಾತ್ರೆಯನ್ನು ಬಿಡದೆ ನುಂಗುವುದು ಮಿದುಳನ್ನು ಕಾಯಲು ಇಂದು ನಮ್ಮ ಕೈಯಲ್ಲಿರುವ ಅಗ್ಗದ ಮತ್ತು ಖಚಿತವಾದ ಉಪಾಯ.